ಎಡಗಡೆ ಸಾದಾ

ಹಂಗಾಮಿಗೆ ಶುಚಿಯ ಹುಚ್ಚು ಸ್ವಲ್ಪ ಕಡಿಮೆ ಇದ್ದಿದ್ದರೆ, ಆವತ್ತು ಬೆಳಗ್ಗೆ ಒಂಬತ್ತು ಗಂಟೆಗೇ ತಲೆ ಮೇಲೆ ಕೈ ಹೊತ್ತು ಕೂರುವ ಪ್ರಸಂಗ ಬರುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ಉಳಿದವರು ನಲ್ಲಿ ತಿರುಗಿಸಿ ಕೈ ತೊಳೆದರೆ, ಅವನು ಮೊದಲು ನಲ್ಲಿಯನ್ನು ತೊಳೆದು ಆಮೇಲೆ ಕೈ ತೊಳೆಯುವವನು. ಫ್ರಿಜ್ಜಿನಿಂದ ಹೆಬ್ಬೆರಳು ಗಾತ್ರದ ಎರಡು ನಳಿಗೆಗಳನ್ನು ಹೊರಗೆ ತೆಗೆದ. ಅವುಗಳ ಮೈಮೇಲೆಲ್ಲ ತಣ್ಣನೆಯ ಹನಿ ಕೂತಿತ್ತು. ಹತ್ತಿಗೆ ಸ್ಪಿರಿಟ್ ಹಾಕಿಕೊಂಡು, ಕೂಸಿನ ಮುಖ ಒರೆಸುವ ಅಕ್ಕರೆಯಿಂದ ಎರಡನ್ನೂ ಒರೆಸಿದ. ಬೆಳಕಿಗೆ ಹಿಡಿದು ನೋಡಿದ. ನಳಿಗೆಗಳು ಫಳಫಳ ಹೊಳೆಯುತ್ತಿದ್ದವು. ಹತ್ತಿ ಮಾತ್ರ ನೀಲಿಯಾಗಿತ್ತು.

ಒಂದರ ಮೇಲೆ ‘ಸಾದಾ’, ಇನ್ನೊಂದರ ಮೇಲೆ ‘ಬದಲಿಸಿದ್ದು’ ಎಂದು ಅವನೇ ನೀಲಿ ಪೆನ್ನಿನಲ್ಲಿ ದುಂಡಗೆ ಬರೆದಿದ್ದ. ಈಗ ಆ ಎರಡು ಪದಗಳೂ ಹತ್ತಿಯೊಳಗೆ ಸೇರಿ ಒಂದಾಗಿದ್ದವು. ನಳಿಗೆಗಳು ಅವಳಿ ಮಕ್ಕಳ ಹಾಗೆ ಅವನನ್ನೇ ನೋಡುತ್ತಿದ್ದವು. ಒಳಗಿದ್ದದ್ದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಂದನ್ನೊಂದು ಬಿಟ್ಟುಕೊಡುವ ಗುಣವೂ ಇರಲಿಲ್ಲ.

ಹಂಗಾಮಿ ಎನ್ನುವುದು ಅವನ ಹೆಸರಲ್ಲ. ಹನ್ನೊಂದು ವರ್ಷದಿಂದ ಅವನು ಅಲ್ಲಿ ಹಂಗಾಮಿ ಸಹಾಯಕ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಮಸಿಯಲ್ಲಿ, ಅವನದು ಮಾತ್ರ ಪೆನ್ಸಿಲ್ಲಿನಲ್ಲಿ. ಮನೆಯಲ್ಲೂ ಸ್ಥಿತಿ ಅದೇ. ಮಲಗುವ ಕೋಣೆಯ ಕಿಟಕಿಗೆ ಪರದೆ ಹಾಕುವುದು ಖಾಯಂ ಆದಮೇಲೆ ಎಂದು ಹೆಂಡತಿ ಹೇಳಿದ್ದಳು. ಹನ್ನೊಂದು ವರ್ಷದಿಂದ ಆ ಕಿಟಕಿಗೆ ಹಳೆಯ ಪತ್ರಿಕೆಗಳೇ ಪರದೆ. ಜೊತೆಯಲ್ಲೇ ಇದ್ದ ಮಾವನವರಂತೂ ಮನೆಗೆ ಬಂದವರಿಗೆಲ್ಲ, “ಇವರು ಸದ್ಯಕ್ಕೆ ನಮ್ಮ ಅಳಿಯಂದಿರು” ಎಂದು ಪರಿಚಯ ಮಾಡಿಕೊಡುತ್ತಿದ್ದರು.

ಆವತ್ತು ಸಂಜೆ ನಾಲ್ಕಕ್ಕೆ, ಪ್ರಯೋಗಾಲಯಕ್ಕೆ ಹಣವನ್ನೂ ಹುದ್ದೆಯನ್ನೂ ಮಂಜೂರು ಮಾಡುವ ಸಮಿತಿಯ ಅಧ್ಯಕ್ಷರು ಬರುವವರಿದ್ದರು. ಎಂಟು ತಿಂಗಳ ಪ್ರಯೋಗವನ್ನು ಅವರ ಕಣ್ಣಿಗೆ ತೋರಿಸಬೇಕು. ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರಮ್ಮ ಹಿಂದಿನ ದಿನವೇ ಹೇಳಿದ್ದರು: “ನಾಳೆ ಸರಿಯಾಗಿ ಆದ್ರೆ ನೀವು ಖಾಯಂ. ನಾನು ಮೂರು ಪತ್ರ ಬರ್ದಿದೀನಿ. ಕೆಟ್ರೆ ಮಾತ್ರ ನನ್ನ ಮುಖ ನೋಡಬೇಡಿ.”

ಪ್ರಯೋಗದ ವಿಷಯ ಇಷ್ಟೇ. ಯಾವುದೋ ಸೂಕ್ಷ್ಮಜೀವಿಯಿಂದ ತೆಗೆದ ಒಂದು ಕಿಣ್ವ. ಸಕ್ಕರೆ ನೀರಿಗೆ ಬಿಟ್ಟರೆ ಅದು ಸಕ್ಕರೆಯ ಒಂದೊಂದು ಕಣವನ್ನೂ ಎರಡಾಗಿ ಮುರಿದು, ಅರ್ಧವನ್ನು ಅಲ್ಲೇ ಬಿಟ್ಟು, ಇನ್ನರ್ಧವನ್ನು ಮಣಿ ಪೋಣಿಸಿದಂತೆ ಪೋಣಿಸುತ್ತ ಹೋಗುತ್ತದೆ. ಸಾಕು ಎನ್ನುವವರು ಯಾರೂ ಇಲ್ಲ. ಸಾವಿರಗಟ್ಟಲೆ ಮಣಿಗಳ ಸರ ಬೆಳೆದು, ಆರು ಗಂಟೆಯೊಳಗೆ ನೀರು ಹಾಲಿನ ಬಣ್ಣಕ್ಕೆ ತಿರುಗಿ ಗೋಂದಿನ ಹಾಗಾಗುತ್ತದೆ. ಅದೇ ಕಿಣ್ವದ ಮೈಮೇಲೆ ಗೊತ್ತಾದ ಜಾಗದಲ್ಲಿ ಅಯೋಡಿನ್ ಅಂಟಿಸಿದರೆ ಕತೆ ಬೇರೆ. ಮಣಿ ಪೋಣಿಸುವವಳ ಬೆರಳಿಗೆ ಚಿಂದಿ ಸುತ್ತಿದ ಹಾಗೆ. ಕೆಲಸ ಬಿಡುವುದಿಲ್ಲ, ಆದರೆ ಐದು ಮಣಿ ಹತ್ತು ಮಣಿ ಆಗುವಷ್ಟರಲ್ಲಿ ಸರ ಕೈಯಿಂದ ಜಾರಿಬಿಡುತ್ತದೆ. ಗಿಡ್ಡ ಗಿಡ್ಡ ಸರಗಳು. ನೀರು ನೀರಾಗಿಯೇ ಉಳಿಯುತ್ತದೆ. ಈ ಗಿಡ್ಡ ಸರಗಳು ಹೊಟ್ಟೆಗೆ ಬಲು ಒಳ್ಳೆಯವು ಎಂದು ಡಾಕ್ಟರಮ್ಮನ ನಂಬಿಕೆ. ಎಡಗಡೆ ಸಾದಾ ಕಿಣ್ವದ ಸೀಸೆ, ಬಲಗಡೆ ಬದಲಿಸಿದ ಕಿಣ್ವದ ಸೀಸೆ. ಎಡಗಡೆಯದು ಗೋಂದು, ಬಲಗಡೆಯದು ನೀರು. ಅಧ್ಯಕ್ಷರು ನೋಡಬೇಕಾದದ್ದು ಇದನ್ನೇ.

ಸಾದಾ ಎಡಗಡೆಯೇ ಇರಬೇಕು ಎನ್ನುವುದು ಆ ಪ್ರಯೋಗಾಲಯದ ಕಟ್ಟಳೆ. ಡಾಕ್ಟರಮ್ಮ ಬುತ್ತಿ ಡಬ್ಬಿಯಲ್ಲೂ ಉಪ್ಪುಖಾರ ಇಲ್ಲದ್ದನ್ನು ಎಡಗಡೆ ಇಡುತ್ತಾರೆ ಎಂದು ನೋಡಿದವರು ಹೇಳುತ್ತಿದ್ದರು.

ತಲೆ ಮೇಲೆ ಕೈ ಹೊತ್ತು ಕೂತಿದ್ದ ಹಂಗಾಮಿಗೆ ಹತ್ತು ನಿಮಿಷ ಕಳೆದ ಮೇಲೆ ಒಂದು ಉಪಾಯ ಹೊಳೆಯಿತು. ಹೆಸರು ಅಳಿಸಿದರೇನಂತೆ. ಎರಡು ಸೀಸೆಯಲ್ಲಿ ಸಕ್ಕರೆ ನೀರು ತುಂಬಿ, ಒಂದೊಂದಕ್ಕೆ ಒಂದೊಂದು ನಳಿಗೆ ಸುರಿದುಬಿಡುವುದು. ಸಂಜೆಯ ಹೊತ್ತಿಗೆ ಗಟ್ಟಿಯಾದದ್ದೇ ಸಾದಾ. ಅದನ್ನು ಎಡಗಡೆಗೆ ಸರಿಸಿ ಚೀಟಿ ಅಂಟಿಸಿದರೆ ಮುಗಿಯಿತು. ಸೀಸೆಗಳೇ ತಮ್ಮ ಹೆಸರು ಹೇಳುತ್ತವೆ. ತಾನು ಮಾಡಬೇಕಾದದ್ದು ಎರಡೇ ಕೆಲಸ: ಕಾಯುವುದು, ಬಾಯಿ ಮುಚ್ಚಿಕೊಂಡಿರುವುದು.

ಸೀಸೆಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದ. ಕಾಯುವುದು ಶುರುವಾಯಿತು. ಬಾಯಿ ಮಾತ್ರ ಹತ್ತೂಕಾಲಕ್ಕೇ ತೆರೆದುಕೊಂಡಿತು.

ಗಾಜಿನಕ್ಕ ತೊಳೆದ ಸೀಸೆಗಳ ತಟ್ಟೆ ಹೊತ್ತು ಬಂದಿದ್ದಳು. ಆ ಕಟ್ಟಡದ ಗಾಜಿನ ಸಾಮಾನೆಲ್ಲ ಇಪ್ಪತ್ತು ವರ್ಷದಿಂದ ಅವಳ ಕೈಯಲ್ಲೇ ತೊಳೆಸಿಕೊಂಡಿದ್ದವು. ಸಿಬ್ಬಂದಿಯ ಗುಟ್ಟುಗಳು ಕೂಡ.

“ಯಾಕಪ್ಪಾ, ಮುಖ ಒಗೆದು ಹಿಂಡಿದ ಬಟ್ಟೆ ಥರ ಆಗಿದೆ?”

“ಏನಿಲ್ಲ ಅಕ್ಕಾ.”

“ಏನಿಲ್ಲ ಅನ್ನೋರ ಹತ್ರ ಯಾವಾಗಲೂ ಏನೋ ಇರುತ್ತೆ. ಹೇಳು, ನನ್ನ ಹೊಟ್ಟೇಲಿ ಹೋದ್ರೆ ಬಾವಿಗೆ ಬಿದ್ದ ಹಾಗೆ.”

ಹಂಗಾಮಿ ಹೇಳಿಬಿಟ್ಟ. ಅವಳು ಕೆನ್ನೆ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಹೋದಳು. ಕಾಲು ಗಂಟೆಯಲ್ಲಿ ಸ್ಟೋರಿನ ಯಜಮಾನರು ಬಂದರು. ಅವರು ಸಾಮಾನು ಕೋಣೆಯ ದೊರೆ. ಒಂದು ಸೂಜಿ ಬೇಕೆಂದರೂ ಮೂರು ಪ್ರತಿಯಲ್ಲಿ ಬೇಡಿಕೆ ಪತ್ರ ಬರೆಸುವವರು.

“ಸ್ಪಿರಿಟ್ಟಿಗೂ ಅಳಿಸದ ಪೆನ್ನು ನನ್ನ ಹತ್ರ ಇದೆ,” ಎಂದರು, ಯಾವ ಪೀಠಿಕೆಯೂ ಇಲ್ಲದೆ. “ನಾಲ್ಕು ವರ್ಷದಿಂದ ಇದೆ. ಹನ್ನೆರಡು ಪೆನ್ನು.”

“ಮತ್ತೆ ಯಾರಿಗೂ ಕೊಟ್ಟಿಲ್ಲವಲ್ಲ ಸಾರ್?”

“ಯಾರೂ ಬರೆದು ಕೇಳಿಲ್ಲ.”

ಅವರ ಬೆನ್ನಿಗೇ ಮಷಿನ್ ಅಣ್ಣ ಬಂದ. ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಕೆಡದ ಯಂತ್ರಗಳನ್ನು ಬಿಚ್ಚಿ ನೋಡುವುದು ಅವನ ಚಟ. “ತಲೆ ಕೆಡಿಸ್ಕೋಬೇಡ ಮಾರಾಯಾ. ಎರಡು ನಳಿಗೇನೂ ಕಿವಿ ಹತ್ರ ಹಿಡಿದು ಅಲ್ಲಾಡಿಸಬೇಕಿತ್ತು. ಮೋಟಾರೇ ಆಗ್ಲಿ, ಔಷಧೀನೇ ಆಗ್ಲಿ, ಒಳಗಿನ ಬದಲಾವಣೆ ಸದ್ದಲ್ಲಿ ಗೊತ್ತಾಗುತ್ತೆ.”

“ಅಣ್ಣಾ, ಅದು ನೀರು.”

“ನೀರಿಗೆ ಸದ್ದಿಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೋಡೆಯ ಕಡೆ ಹೋಗಿ ಅಲ್ಲೇನೋ ಮಾಡಿ, ಹೊರಟುಹೋದ.

ಬಾವಿಗೆ ಬಿದ್ದ ಮಾತು ಹನ್ನೊಂದು ಗಂಟೆಯೊಳಗೆ ಮಹಡಿ ಹತ್ತಿ ಇಳಿದಿತ್ತು. ಅದು ತಲುಪದೆ ಉಳಿದದ್ದು ಡಾಕ್ಟರಮ್ಮನ ಕೋಣೆಗೊಂದೇ. ಅಲ್ಲಿಗೆ ಸುದ್ದಿ ಒಯ್ಯುವ ಧೈರ್ಯ ಯಾರಿಗೂ ಇರಲಿಲ್ಲ.

ಪೆಟ್ಟಿಗೆಯ ಬಾಗಿಲು ಪದೇ ಪದೇ ತೆಗೆದರೆ ಬಿಸಿ ಹೋಗುತ್ತದೆ ಎಂದು ಹಂಗಾಮಿ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತ. ಹಾಲು ಉಕ್ಕುವುದನ್ನು ಕಾಯುವವರಿಗಾದರೂ ಹಾಲು ಕಾಣುತ್ತದೆ. ಅವನಿಗೆ ಕಾಣುತ್ತಿದ್ದದ್ದು ತಗಡಿನ ಬಾಗಿಲು. ಒಂದು ಗಂಟೆಗೆ ತಡೆಯಲಾರದೆ ತೆಗೆದ. ಎರಡು ಸೀಸೆಗಳೂ ಒಂದೇ ಸಮ ತಿಳಿಯಾಗಿದ್ದವು. ಎಡಗಡೆಯದು ನೀರು. ಬಲಗಡೆಯದೂ ನೀರು. ಮುಟ್ಟಿ ನೋಡಿದ. ಪೆಟ್ಟಿಗೆಯ ಒಳಗೆ ಹೊರಗಿಗಿಂತ ತಂಪಾಗಿತ್ತು.

ಹಿಂದೆ ಬಗ್ಗಿ ನೋಡಿದರೆ ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ ಮಲಗಿತ್ತು. ಅದರ ಜಾಗದಲ್ಲಿ ಮಷಿನ್ ಅಣ್ಣನ ಮೊಬೈಲು ಹಾಯಾಗಿ ಚಾರ್ಜ್ ಆಗುತ್ತಿತ್ತು. ನೂರಕ್ಕೆ ನೂರು.

ಕೂಗಿದ್ದಕ್ಕೆ ಮಷಿನ್ ಅಣ್ಣ ಓಡಿ ಬಂದ. ನೋಡಿ ಅವನ ಮುಖವೂ ಸಣ್ಣದಾಯಿತು. “ಆ ಪೆಟ್ಟಿಗೇಲಿ ಲೈಟು ಇದ್ದಿದ್ರೆ ಗೊತ್ತಾಗ್ತಿತ್ತು ನೋಡು.”

“ಲೈಟು ಇತ್ತು ಅಣ್ಣಾ. ಹೋದ ತಿಂಗಳು ನೀನೇ ಬಿಚ್ಚಿಕೊಂಡು ಹೋದೆ.”

“ಹೌದಲ್ಲ,” ಎಂದ ಅವನು, ಹಳೆಯ ಗೆಳೆಯನ ನೆನಪಾದವನಂತೆ.

ಪ್ಲಗ್ಗು ಮತ್ತೆ ಸಿಕ್ಕಿಸಿದ್ದಾಯಿತು. ಆರು ಗಂಟೆಯ ಕೆಲಸಕ್ಕೆ ಉಳಿದದ್ದು ಮೂರೇ ಗಂಟೆ. ಅದೇ ಹೊತ್ತಿಗೆ ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿದರು. “ಎಲ್ಲಾ ಸರಿ ಇದೆಯಲ್ಲ?”

“ಆಗ್ತಾ ಇದೆ ಮೇಡಂ.”

“ಎಡಗಡೆ ಸಾದಾ ತಾನೆ?”

ಹಂಗಾಮಿ ತಲೆಯನ್ನು ಹೌದು ಎನ್ನುವಂತೆಯೂ ಅಲ್ಲ ಎನ್ನುವಂತೆಯೂ ಆಡಿಸಿದ. ಡಾಕ್ಟರಮ್ಮ ಹೌದು ಎಂದೇ ಓದಿಕೊಂಡರು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಆ ಕಟ್ಟಡದಲ್ಲಿ ಫೋನಿನ ಮಾತು ಕೇಳಿಸುವ ಜಾಗ ಒಂದೇ, ಮೆಟ್ಟಿಲ ತಿರುವಿನ ಕಿಟಕಿ; ಅದೂ ಅರ್ಧ ಮೈ ಹೊರಗೆ ಹಾಕಿದರೆ.

“ಆಯ್ತಾ?” ಎಂದಳು ಹೆಂಡತಿ.

“ನಾಲ್ಕು ಗಂಟೆಗೆ ಅಂತ ಹೇಳಿದ್ನಲ್ಲೇ.”

“ಅಂಗಡಿಯವರು ಪರದೆ ಬಟ್ಟೆ ಕತ್ತರಿಸಲಾ ಅಂತ ಕೇಳ್ತಿದ್ದಾರೆ. ಕತ್ತರಿಸಿದ ಮೇಲೆ ವಾಪಸ್ ತಗೊಳಲ್ವಂತೆ.”

ಅವನು ಕಿಟಕಿಯಲ್ಲಿ ನೇತಾಡಿಕೊಂಡು ಕತ್ತರಿಸಬೇಡ ಎಂದು ಒಪ್ಪಿಸುತ್ತಿದ್ದಾಗ, ಗಾಜಿನಕ್ಕ ಒಳಗೆ ಬಂದು ಪೆಟ್ಟಿಗೆಯ ಬಾಗಿಲು ತೆಗೆದಳು. ಎರಡೂ ನೀರು. ಎಂಟು ತಿಂಗಳು ಇವನು ತೊಳೆಯಲು ಕೊಟ್ಟ ಸೀಸೆಗಳಲ್ಲಿ ಒಂದಕ್ಕೂ ಕೊಳೆ ಇರಲಿಲ್ಲ; ಅಂಥ ಮನುಷ್ಯ ಮನೆಗೆ ಹೋಗುವುದೇ? ಡಾಕ್ಟರಮ್ಮ ಗಟ್ಟಿಯಾದದ್ದನ್ನು ಎಡಗಡೆ ಹುಡುಕುತ್ತಾರೆ. ಎಡಗಡೆಯದು ಗಟ್ಟಿಯಾಗಿ ಕಂಡರೆ ಆಯಿತಲ್ಲ. ಬಿಳಿ ಕೋಟುಗಳಿಗೆ ಹಾಕುವ ಗಂಜಿಯ ಪುಡಿಯನ್ನು ಸೆರಗಿನಲ್ಲಿ ತಂದು ಎರಡು ಹಿಡಿ ಸುರಿದು, ಗಾಜಿನ ಕಡ್ಡಿಯಿಂದ ಕದಡಿ, ಕಡ್ಡಿಯನ್ನು ತೊಳೆದಿಟ್ಟು ಹೋದಳು.

ಎರಡು ಗಂಟೆಗೆ ಮತ್ತೆ ಫೋನು. ಈ ಸಲ ಮಾವನವರು.

“ನೋಡಿ, ಪಕ್ಕದ ಮನೆಯವರು ಕೇಳ್ತಿದ್ದಾರೆ, ಏನು ಹೇಳ್ಲಿ?”

“ಸಂಜೆ ಹೇಳ್ತೀನಿ ಅನ್ನಿ ಮಾವ.”

“ಸಂಜೆ ಅಂದ್ರೆ ಎಷ್ಟು ಗಂಟೆ? ಅವರು ಬಾಗಿಲಲ್ಲೇ ನಿಂತಿದ್ದಾರೆ.”

ಪಕ್ಕದ ಮನೆಯವರನ್ನು ಕೂರಿಸಬೇಕೇ ನಿಲ್ಲಿಸಬೇಕೇ ಎಂಬ ಚರ್ಚೆ ಮುಗಿಯುವಷ್ಟರಲ್ಲಿ, ಸ್ಟೋರಿನ ಯಜಮಾನರು ಪ್ರಯೋಗಾಲಯಕ್ಕೆ ಕಾಲಿಟ್ಟಿದ್ದರು. ಕೈಯಲ್ಲಿ ಅಂಟಿನ ಪುಡಿಯ ಡಬ್ಬಿ. ಒಂದು ಚಮಚ ಬಿದ್ದರೆ ಒಂದು ಬಕೆಟ್ ನೀರು ಲೋಳೆಯಾಗುವಂಥದ್ದು. ನೌಕರಿಗೆ ಸೇರಿದಾಗಿನಿಂದ ಮೊದಲ ಬಾರಿಗೆ ಬೇಡಿಕೆ ಪತ್ರವಿಲ್ಲದೆ ಒಂದು ವಸ್ತುವನ್ನು ಹೊರಗೆ ತಂದಿದ್ದರಿಂದ ಅವರ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಒಂದು ಚಮಚ ಎಂದು ಹಾಕಿದ್ದು ನಾಲ್ಕಾಯಿತು. ಅದೂ ಎಡಗಡೆಯ ಸೀಸೆಗೇ. ಅವರು ಕಟ್ಟಳೆ ಮೀರುವವರಲ್ಲ.

ಎರಡೂವರೆಗೆ ಹೆಂಡತಿ ಮತ್ತೆ ಫೋನು ಮಾಡಿ, ಹೂವಿನ ಪರದೆಯೋ ಪಟ್ಟೆಯ ಪರದೆಯೋ ಎಂದು ಕೇಳಿದಳು. ಅವನು ಪಟ್ಟೆ ಎಂದ. ಅವಳು ಹಾಗಾದರೆ ಹೂವಿನದ್ದೇ ತಗೊಳ್ಳುತ್ತೇನೆ ಎಂದಳು. ಆ ಹೊತ್ತಿನಲ್ಲಿ ಮಷಿನ್ ಅಣ್ಣ, ತಪ್ಪು ತನ್ನದು ಎಂಬ ಕೊರಗಿನಿಂದ, ಆಫೀಸಿನ ಗೋಂದಿನ ಬಾಟಲಿಯನ್ನು ಎಡಗಡೆಯ ಸೀಸೆಗೆ ಬೋರಲು ಹಾಕಿ, ತಳಕ್ಕೆ ಎರಡು ಗುದ್ದು ಕೊಟ್ಟು, ಪೂರ್ತಿ ಖಾಲಿ ಮಾಡಿದ. ಜೊತೆಗೆ ಪೆಟ್ಟಿಗೆಯ ಬಿಸಿಯನ್ನು ಸ್ವಲ್ಪ ಏರಿಸಿ, ಮೂರು ಗಂಟೆಯ ನಷ್ಟ ತುಂಬಿತು ಎಂದು ಸಮಾಧಾನ ಪಟ್ಟುಕೊಂಡ.

ಮೂರೂಕಾಲಕ್ಕೆ ಡಾಕ್ಟರಮ್ಮ ಹಂಗಾಮಿಯನ್ನು ಕರೆದು, ಪಕ್ಕದ ಸಭಾಂಗಣದಿಂದ ಕುರ್ಚಿಗಳನ್ನು ತರಲು ಕಳಿಸಿದರು. ಅಧ್ಯಕ್ಷರಿಗೆ ಕೈ ಇರುವ ಕುರ್ಚಿ ಬೇಕು, ಸದ್ದು ಮಾಡದ ಕುರ್ಚಿ ಬೇಕು. ಸಭಾಂಗಣದ ಕುರ್ಚಿಗಳಲ್ಲಿ ಕೈ ಇದ್ದವು ಕಿರುಗುಟ್ಟುತ್ತಿದ್ದವು, ಕಿರುಗುಟ್ಟದವಕ್ಕೆ ಕೈ ಇರಲಿಲ್ಲ. ಒಂದೊಂದರ ಮೇಲೂ ಕೂತು ಎದ್ದು, ಕಡೆಗೆ ಒಂದನ್ನು ಹೊತ್ತುಕೊಂಡು ಅವನು ವಾಪಸಾದಾಗ ನಾಲ್ಕಕ್ಕೆ ಹತ್ತು ನಿಮಿಷ. ಡಾಕ್ಟರಮ್ಮ ಒಬ್ಬರೇ ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

ಹಂಗಾಮಿ ಕುರ್ಚಿ ಇಳಿಸಿ ಪೆಟ್ಟಿಗೆಯ ಬಾಗಿಲು ತೆಗೆದ.

ಎಡಗಡೆಯ ಸೀಸೆ ಹಾಲಿನಂತೆ ಬೆಳ್ಳಗೆ, ಕೆನೆಗಿಂತ ಗಟ್ಟಿಯಾಗಿ ಕೂತಿತ್ತು. ಬಲಗಡೆಯದು ಕನ್ನಡಿಯಂತೆ ತಿಳಿ. ಸೀಸೆಗಳನ್ನು ಅದಲುಬದಲು ಮಾಡುವ ಕಷ್ಟವನ್ನೂ ಕೊಡದೆ, ಸಾದಾ ತಾನಾಗಿಯೇ ಎಡಗಡೆ ಬಂದು ನಿಂತಿತ್ತು. ಅವನ ಕಣ್ಣು ಒದ್ದೆಯಾಯಿತು. ಕಣ್ಣೊರೆಸಿಕೊಂಡು, ಚೀಟಿ ಬರೆದು ಅಂಟಿಸಿದ.

ಅಧ್ಯಕ್ಷರು ಬಂದರು. ತೆಳ್ಳಗಿನ ಮನುಷ್ಯ, ನಗುವುದಕ್ಕೂ ಮಂಜೂರಾತಿ ಬೇಕು ಎನ್ನುವ ಮುಖ. ಅವರ ಹಿಂದೆ ಐದು ಫೈಲು ಅಪ್ಪಿಕೊಂಡ ದಪ್ಪ ಮೀಸೆಯ ಒಬ್ಬರು. ವಯಸ್ಸು ಐವತ್ತರ ಮೇಲೆ, ಬಂದ ಕೂಡಲೇ ಕೂರಲು ಜಾಗ ಹುಡುಕುವ ಸ್ವಭಾವ. ಅವರನ್ನು ಎಲ್ಲರೂ ಫೈಲಿನವರು ಎಂದರು. ಗಾಜಿನಕ್ಕ, ಸ್ಟೋರಿನ ಯಜಮಾನರು, ಮಷಿನ್ ಅಣ್ಣ ಮೂವರೂ ಏನೋ ಕೆಲಸವಿದ್ದಂತೆ ಬಂದು ಬಾಗಿಲ ಬಳಿ ಸಾಲಾಗಿ ನಿಂತರು. ಮೂವರ ಮುಖದಲ್ಲೂ ಗುಟ್ಟಾಗಿ ದಾನ ಮಾಡಿದವರ ಕಳೆ.

ಡಾಕ್ಟರಮ್ಮ ಬಲಗಡೆಯ ಸೀಸೆಯನ್ನು ವಾಲಿಸಿದರು. ಬುಳುಬುಳು ಎಂದಿತು. “ಬದಲಿಸಿದ ಕಿಣ್ವ. ಗಿಡ್ಡ ಸರ. ನೀರಿನ ಹಾಗೇ ಇದೆ.” ಎಡಗಡೆಯದನ್ನು ವಾಲಿಸಿದರು. ಏನೂ ಆಗಲಿಲ್ಲ. ಇನ್ನಷ್ಟು ವಾಲಿಸಿದರು. ಅಧ್ಯಕ್ಷರು ಸೀಸೆಯನ್ನು ತಾವೇ ತೆಗೆದುಕೊಂಡು ತಲೆಕೆಳಗು ಮಾಡಿದರು. ಒಂದು ಹನಿಯೂ ಬೀಳಲಿಲ್ಲ. ಗಾಜಿನ ಕಡ್ಡಿ ಚುಚ್ಚಿ ಎತ್ತಿದರೆ ಕಡ್ಡಿಯ ಜೊತೆ ಸೀಸೆಯೂ ಎದ್ದು ಬಂತು.

“ಸಾದಾ ಕಿಣ್ವಕ್ಕೆ ಇಷ್ಟು ಶಕ್ತಿಯೇ,” ಎಂದರು ಅಧ್ಯಕ್ಷರು.

“ನಮಗೂ ಆಶ್ಚರ್ಯ,” ಎಂದರು ಡಾಕ್ಟರಮ್ಮ. ನಿಜವಾಗಿಯೂ ಅವರಿಗೆ ಆಶ್ಚರ್ಯವಾಗಿತ್ತು.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಸಂತೋಷ. ಪ್ರಯೋಗ ಯಶಸ್ವಿ. ಬರ್ಕೊಳ್ಳಿ ಫೈಲಿನವರೇ. ಕೆಲಸ ಮುಗಿದಿರುವುದರಿಂದ ಈ ಕೆಲಸಕ್ಕೆಂದು ಮುಂದುವರಿಸಿದ್ದ ಹಂಗಾಮಿ ಹುದ್ದೆಯನ್ನು ಇಂದು ಸಂಜೆಯಿಂದ ರದ್ದು ಮಾಡಲಾಗಿದೆ.”

ಫೈಲಿನವರು ಬರೆದುಕೊಂಡರು.

“ಸಾರ್, ಖಾಯಂ ಮಾಡಿ ಅಂತ ನಾನು ಮೂರು ಪತ್ರ ಬರ್ದಿದ್ದೆ,” ಎಂದರು ಡಾಕ್ಟರಮ್ಮ.

“ತಲುಪಿವೆ. ಮೂರೂ ಫೈಲಲ್ಲಿ ಭದ್ರವಾಗಿವೆ. ಆದರೆ ಇಲ್ಲದ ಕೆಲಸಕ್ಕೆ ಖಾಯಂ ಆಳು ಹ್ಯಾಗಮ್ಮಾ? ಕೆಲಸ ಮುಗಿದಿಲ್ಲ ಅಂದಿದ್ರೆ ಇನ್ನೊಂದು ವರ್ಷ ಮುಂದುವರಿಸಬಹುದಿತ್ತು. ನೀವು ಮುಗಿಸಿಬಿಟ್ಟಿದ್ದೀರಿ. ಅಭಿನಂದನೆಗಳು.”

ಅಧ್ಯಕ್ಷರು ಹಂಗಾಮಿಯ ಕೈ ಕುಲುಕಿದರು. ಆ ಕೈ ಒದ್ದೆ ಹತ್ತಿಯ ಹಾಗಿತ್ತು.

ಮೊದಲು ಬಾಯಿ ಬಿಟ್ಟವಳು ಗಾಜಿನಕ್ಕ. “ಸಾರ್, ಮುಗಿದಿಲ್ಲ ಸಾರ್. ಆ ಎಡಗಡೇದು ಕಿಣ್ವ ಅಲ್ಲ. ಗಂಜಿ. ನಾನೇ ಹಾಕಿದ್ದು, ಎರಡು ಹಿಡಿ.”

“ಗಂಜಿಗೆ ಅಷ್ಟು ಗಟ್ಟಿ ಎಲ್ಲಿಂದ ಬರುತ್ತೆ,” ಎಂದು ಸ್ಟೋರಿನ ಯಜಮಾನರು ಮುಂದೆ ಬಂದರು. “ಅದು ನನ್ನ ಅಂಟಿನ ಪುಡಿ. ನಾಲ್ಕು ಚಮಚ. ಬೇಡಿಕೆ ಪತ್ರ ಇಲ್ಲ. ಶಿಕ್ಷೆ ಕೊಡಿ.”

“ಕಡ್ಡಿ ಜೊತೆ ಸೀಸೆ ಎದ್ದಿದ್ದು ನಿಮ್ಮ ಪುಡಿಯಿಂದಲ್ಲ ಸಾರ್, ನನ್ನ ಗೋಂದಿನಿಂದ,” ಎಂದ ಮಷಿನ್ ಅಣ್ಣ. “ಬಾಟಲಿ ಬೇಕಾದ್ರೆ ತೋರಿಸ್ತೀನಿ. ಖಾಲಿ ಇದೆ.”

ಹಂಗಾಮಿ ಒಬ್ಬೊಬ್ಬರ ಮುಖವನ್ನೂ ಬಾಯಿ ತೆರೆದು ನೋಡುತ್ತಿದ್ದ. ಅಧ್ಯಕ್ಷರು ಕೈಯಲ್ಲಿದ್ದ ಸೀಸೆಯನ್ನು ಮೇಜಿನ ಮೇಲಿಡಲು ನೋಡಿದರು. ಸೀಸೆ ಕೈ ಬಿಡಲಿಲ್ಲ. ಮಷಿನ್ ಅಣ್ಣ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಟ್ಟ.

“ಇರಲಿ,” ಎಂದರು ಅಧ್ಯಕ್ಷರು ಬೆರಳು ಉಜ್ಜಿಕೊಳ್ಳುತ್ತ. “ಎಡಗಡೆಯದು ಕೆಟ್ಟಿತು. ಬಲಗಡೆಯದು ಯಾರೂ ಮುಟ್ಟಿಲ್ಲವಲ್ಲ. ಬದಲಿಸಿದ ಕಿಣ್ವ ನೀರಾಗಿಯೇ ಉಳಿದಿದೆ. ಅಷ್ಟರಮಟ್ಟಿಗೆ ಯಶಸ್ವಿ. ಹುದ್ದೆ ರದ್ದು.”

ಆಗ ಡಾಕ್ಟರಮ್ಮ ಕೆಮ್ಮಿದರು. ಹನ್ನೊಂದು ವರ್ಷದಲ್ಲಿ ಅವರು ಹಾಗೆ ಕೆಮ್ಮಿದ್ದನ್ನು ಯಾರೂ ಕೇಳಿರಲಿಲ್ಲ.

“ಬಲಗಡೆಯದನ್ನ ನಾನು ಮುಟ್ಟಿದೀನಿ. ಮೂರೂವರೆಗೆ ನೋಡಿದೆ. ಅದೂ ಬೆಳ್ಳಗಾಗಿ ದಪ್ಪ ಆಗ್ತಾ ಇತ್ತು. ಬಲಗಡೆ ಗಟ್ಟಿ ಆಗಬಾರದಲ್ಲ. ಏನೋ ಕೆಟ್ಟಿದೆ ಅಂದ್ಕೊಂಡು ಸಿಂಕಿಗೆ ಸುರಿದು, ಹೊಸದಾಗಿ ಬರೀ ಸಕ್ಕರೆ ನೀರು ತುಂಬಿಸಿದೆ.”

ಗಾಜಿನಕ್ಕ ಹಣೆ ಚಚ್ಚಿಕೊಂಡಳು. “ಅದಕ್ಕೇ ಸಿಂಕು ಕಟ್ಟಿಕೊಂಡಿದೆ. ಕಡ್ಡಿ ಹಾಕಿ ತಿವಿದೆ, ಕಡ್ಡೀನೇ ಹಿಡ್ಕೊಂಡು ಬಿಡ್ತು.”

ಎಲ್ಲರೂ ಸಿಂಕಿನ ಕಡೆ ನೋಡಿದರು. ಅಲ್ಲಿ ಹಾಲಿನ ಬಣ್ಣದ್ದೇನೋ, ಕೊಳವೆಯ ಬಾಯಿ ತುಂಬ, ಹೊಳೆಯುತ್ತ ಕೂತಿತ್ತು. ಗಾಜಿನಕ್ಕನ ಕಡ್ಡಿ ಅದರ ನಡುವೆ ನೆಟ್ಟಗೆ ನಿಂತಿತ್ತು.

ಹಂಗಾಮಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಯಾರೂ ಏನೂ ಹಾಕದೆ ಬಲಗಡೆಯದು ಗಟ್ಟಿಯಾಗಿತ್ತು. ಅಂದರೆ ಸಾದಾ ಕಿಣ್ವ ಬಿದ್ದದ್ದು ಬಲಗಡೆಗೆ. ಮೂವರು ಸೇರಿ ಎಡಗಡೆಯದಕ್ಕೆ ಸುರಿಯುವ ತನಕ ಅದು ನೀರಾಗಿಯೇ ಇತ್ತು. ಅಂದರೆ ಬದಲಿಸಿದ್ದು ಎಡಗಡೆಗೆ. ಎಂಟು ತಿಂಗಳ ಕೆಲಸ ಒಂದು ಕೂದಲೆಳೆಯೂ ತಪ್ಪದೆ ಆಗಿತ್ತು. ಬರೀ ಎರಡೂವರೆ ಗಂಟೆಯಲ್ಲಿ, ಮಷಿನ್ ಅಣ್ಣ ಏರಿಸಿದ ಬಿಸಿಯಲ್ಲಿ, ಎಂದಿಗಿಂತ ಚೆನ್ನಾಗಿ ಆಗಿತ್ತು. ಅವನ ಜೀವಮಾನದ ಅತ್ಯುತ್ತಮ ಪ್ರಯೋಗ ಸಿಂಕಿನೊಳಗೆ ಕಡ್ಡಿ ಹಿಡಿದುಕೊಂಡು ನಿಂತಿತ್ತು.

ಅಧ್ಯಕ್ಷರೂ ದಡ್ಡರಲ್ಲ. ಸಿಂಕಿನ ಕಡೆ ಬೆರಳು ತೋರಿಸಿದರು. “ಒಂದು ನಿಮಿಷ. ಅದು ತಾನಾಗಿಯೇ ಗಟ್ಟಿಯಾದ ಕಿಣ್ವದ ಗೋಂದು ಅಂತಾದರೆ, ಪ್ರಯೋಗ ಯಶಸ್ವಿ ಆದ ಹಾಗಲ್ಲವೇ?”

ಎಲ್ಲರೂ ಹಂಗಾಮಿಯ ಮುಖ ನೋಡಿದರು. ಹೌದು ಎಂದರೆ ಹೆಸರು ಉಳಿಯುತ್ತದೆ, ಕೆಲಸ ಹೋಗುತ್ತದೆ. ಅವನು ಆ ಬಿಳಿ ಗೋಂದನ್ನು ಇನ್ನೊಂದು ಸಲ ನೋಡಿದ, ಊರಿಗೆ ಹೊರಟ ಮಗಳನ್ನು ನೋಡುವ ಹಾಗೆ.

“ಅಲ್ಲ ಸಾರ್,” ಎಂದ. “ಅದು ಹಳೇ ಸೋಪು.”

“ಹೌದು ಸೋಪು,” ಎಂದಳು ಗಾಜಿನಕ್ಕ. “ನಾನೇ ಹಾಕಿದ್ದು.”

“ನನ್ನ ಸ್ಟೋರಿಂದಲೇ ಹೋಗಿದ್ದು,” ಎಂದರು ಯಜಮಾನರು. “ಅದಕ್ಕೆ ಬೇಡಿಕೆ ಪತ್ರ ಇದೆ.”

ಅಧ್ಯಕ್ಷರು ಕುರ್ಚಿಯಲ್ಲಿ ಕೂತರು. ಕುರ್ಚಿ ಕಿರುಗುಟ್ಟಿತು. ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಬರ್ಕೊಳ್ಳಿ ಫೈಲಿನವರೇ. ಒಂದು, ಪ್ರಯೋಗ ಮುಗಿದಿಲ್ಲ. ಹಂಗಾಮಿ ಸಹಾಯಕರು ಇನ್ನೊಂದು ವರ್ಷ ಹಂಗಾಮಿಯಾಗಿಯೇ ಮುಂದುವರಿದು ಮೊದಲಿನಿಂದ ಮಾಡತಕ್ಕದ್ದು.”

ಬಾಗಿಲ ಬಳಿ ಮೂರು ಉಸಿರುಗಳು ಒಟ್ಟಿಗೆ ಹೊರಬಿದ್ದವು. ಗಾಜಿನಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

“ಎರಡು, ಇಲ್ಲಿರುವ ಎಲ್ಲರಿಗೂ ವಿಜ್ಞಾನ ಸ್ವಲ್ಪ ಸ್ವಲ್ಪ ಗೊತ್ತು. ತೊಂದರೆ ಬಂದಿರೋದೇ ಅದರಿಂದ. ಇನ್ನು ಮುಂದೆ ಸೀಸೆಗಳ ಪಕ್ಕದಲ್ಲಿ ಬೆಳಗಿನಿಂದ ಸಂಜೆತನಕ ಕೂತು, ಯಾರೂ ಏನೂ ಹಾಕದ ಹಾಗೆ ನೋಡಿಕೊಳ್ಳೋಕೆ ಹೊರಗಿನ ಒಬ್ಬರು ಬೇಕು. ಫೈಲಿನವರೇ, ನೀವು ಕೆಲಸಕ್ಕೆ ಸೇರಿ ಎಷ್ಟು ದಿನ ಆಯ್ತು?”

“ಸೋಮವಾರ ಬಂದೆ ಸಾರ್. ಹಂಗಾಮಿ.”

“ವಿಜ್ಞಾನ ಗೊತ್ತಾ?”

“ಇಲ್ಲ ಸಾರ್. ಬೇಕಂದ್ರೆ ಕಲೀತೀನಿ.”

“ದಯವಿಟ್ಟು ಕಲೀಬೇಡಿ. ನೀವೇ ಸರಿ. ಮೂರು, ಕಾವಲಿನ ಕೆಲಸ ನಂಬಿಕೆಯ ಕೆಲಸ. ಅದಕ್ಕೆ ಹಂಗಾಮಿ ಆಳನ್ನ ಇಟ್ಟರೆ ಚೆನ್ನಾಗಿರಲ್ಲ. ಈ ಹುದ್ದೆ ಖಾಯಂ.”

ಫೈಲಿನವರು ತಮ್ಮ ನೇಮಕವನ್ನು ತಾವೇ ದುಂಡಗೆ ಬರೆದುಕೊಂಡು, ಅಧ್ಯಕ್ಷರ ಸಹಿ ಪಡೆದು, ಮಸಿ ಆರಲಿ ಎಂದು ಊದಿದರು.

ಅಧ್ಯಕ್ಷರು ಹೋದರು. ಡಾಕ್ಟರಮ್ಮ ಹಂಗಾಮಿಯ ಬೆನ್ನು ತಟ್ಟಿ ತಮ್ಮ ಕೋಣೆಗೆ ಹೋದರು. ಉಳಿದ ಮೂವರು ಸಿಂಕು ಬಿಡಿಸಲು ನಿಂತರು. ಮೆಟ್ಟಿಲ ತಿರುವಿನಲ್ಲಿ ಹಂಗಾಮಿ ಹೆಂಡತಿಗೆ ಫೋನು ಮಾಡಿ, ಕೆಲಸ ಉಳಿಯಿತು ಎಂದಷ್ಟೇ ಹೇಳಿದ. ಬಟ್ಟೆ ಕತ್ತರಿಸಿ ಆಗಿತ್ತಂತೆ.

ಅವನು ವಾಪಸು ಬಂದಾಗ ಫೈಲಿನವರು ಪ್ರಯೋಗಾಲಯದ ಒಂದೇ ಒಂದು ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, ಬೆಚ್ಚನೆಯ ಪೆಟ್ಟಿಗೆಗೆ ಬೆನ್ನು ಕಾಯಿಸಿಕೊಳ್ಳುತ್ತಿದ್ದರು. ಹಂಗಾಮಿ ನಿಂತುಕೊಂಡೇ ಹೊಸ ಸಕ್ಕರೆ ಅಳೆದು ನೀರಿಗೆ ಹಾಕಿ ಕಲಸತೊಡಗಿದ. ಅವರು ಸ್ವಲ್ಪ ಹೊತ್ತು ಅವನನ್ನೇ ನೋಡಿದರು. ಅವರ ದಪ್ಪ ಮೀಸೆ ಮೆತ್ತಗಾಯಿತು.

“ನೋಡು ತಮ್ಮಾ,” ಎಂದರು ದನಿ ತಗ್ಗಿಸಿ, “ನೀನು ಹೀಗೆ ಒಬ್ಬನೇ ಒದ್ದಾಡೋದು ನನ್ನ ಕೈಲಿ ನೋಡಕ್ಕಾಗಲ್ಲ. ಅದಕ್ಕೇನಾದ್ರೂ ಸೇರಿಸಬೇಕು ಅನ್ನಿಸಿದ್ರೆ ಸಂಕೋಚ ಪಟ್ಕೋಬೇಡ. ಒಂದು ಮಾತು ಹೇಳು ಸಾಕು, ನಾನೇ ಹಾಕ್ತೀನಿ.”